ಉಪ್ಪುಗಾಳಿಯ ಊರಲ್ಲಿ ಕ್ಯಾಮೆರಾ

ದೀಪಾವಳಿಯ ಬೋನಸ್ಸು ಕೈಸೇರುವ ಹೊತ್ತಿಗೆ, ಇಲ್ಲವೇ ಮನೆಯಲ್ಲೊಂದು ಮದುವೆ ಗೊತ್ತಾದ ಕೂಡಲೇ, ಚೆನ್ನೈಯ ಕನ್ನಡಿಗರ ಬಳಗದಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಯಾವ ಕ್ಯಾಮೆರಾ ತೊಗೊಳ್ಳೋದು? ಹದಿನೈದು ವರ್ಷದ ಹಿಂದಾಗಿದ್ದರೆ ಉತ್ತರ ಸುಲಭವಿತ್ತು. ಜೇಬಿಗೆ ಇಳಿಯುವ ಪುಟ್ಟ ಡಿಜಿಟಲ್ ಕ್ಯಾಮೆರಾಗಳು ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತಿರುತ್ತಿದ್ದವು. ಎಷ್ಟು ದುಡ್ಡಿದೆ ಎಂದು ಹೇಳಿದರೆ ಅಂಗಡಿಯವರೇ ಒಂದನ್ನು ಆರಿಸಿ ಕೊಡುತ್ತಿದ್ದರು. ಜಪಾನಿನ ಕ್ಯಾಮೆರಾ ತಯಾರಕರ ಒಕ್ಕೂಟದ ಲೆಕ್ಕದಂತೆ 2010ರಲ್ಲಿ ಲೋಕಕ್ಕೆಲ್ಲ ಹೊರಟ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ ಹೊರಟದ್ದು 80 ಲಕ್ಷದೊಳಗೆ. ಆ ಪುಟ್ಟ ಕ್ಯಾಮೆರಾಗಳನ್ನೆಲ್ಲ ಮೊಬೈಲು ನುಂಗಿಹಾಕಿತು. ಇವತ್ತು ಕ್ಯಾಮೆರಾ ಕೊಳ್ಳಲು ಹೊರಟವರ ಜೇಬಿನಲ್ಲಿ ಆಗಲೇ ಒಂದು ಕ್ಯಾಮೆರಾ ಇರುತ್ತದೆ. ಎರಡನೆಯದಕ್ಕೆ ಐವತ್ತು ಸಾವಿರವೋ ಲಕ್ಷವೋ ಸುರಿಯುವುದಾದರೆ ಅದಕ್ಕೆ ಗಟ್ಟಿಯಾದ ಕಾರಣ ಬೇಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚೆನ್ನೈಯಲ್ಲಿ ಕ್ಯಾಮೆರಾ ಕೊಳ್ಳುವವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದದ್ದು ಇಷ್ಟು: ಯಾವ ಬೆಳಕಿನಲ್ಲಿ ಚಿತ್ರ ತೆಗೆಯುತ್ತೇನೆ, ಎಷ್ಟು ದೂರದಿಂದ ತೆಗೆಯುತ್ತೇನೆ, ತೆಗೆದ ಮೇಲೆ ಕ್ಯಾಮೆರಾವನ್ನು ಎಂಥ ಗಾಳಿಯಲ್ಲಿ ಇಡುತ್ತೇನೆ. ಮೊದಲ ಎರಡು ಉತ್ತರಗಳಿಂದ ಯಾವ ಲೆನ್ಸು ಬೇಕೆಂದು ತಿಳಿಯುತ್ತದೆ. ಮೂರನೆಯದರಿಂದ ಆ ಲೆನ್ಸು ಎಷ್ಟು ವರ್ಷ ಬಾಳುತ್ತದೆ ಎಂದು ತಿಳಿಯುತ್ತದೆ. ಕ್ಯಾಮೆರಾ ಬಾಡಿಯ ಹೆಸರು, ಮಾದರಿಯ ನಂಬರು, ಮೆಗಾಪಿಕ್ಸೆಲ್ ಎಲ್ಲ ಆಮೇಲಿನ ಮಾತು.

ಈ ಊರಿನಲ್ಲಿ ಈ ತಿಳಿವಳಿಕೆ ಹೊಸದೇನಲ್ಲ. ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು 1850ರಲ್ಲಿ ಮದರಾಸಿನಲ್ಲಿ ಕಲಾಶಾಲೆ ತೆರೆದರು, ಇಂದಿನ ಸರ್ಕಾರಿ ಲಲಿತಕಲಾ ಕಾಲೇಜು ಅದೇ. ಅವರೇ ಮುಂದೆ ನಿಂತು ಕಟ್ಟಿದ ಫೋಟೊಗ್ರಾಫಿಕ್ ಸೊಸೈಟಿ ಆಫ್ ಮದ್ರಾಸ್ 1857ರದು, ಇಂದಿಗೂ ಇದೆ. ಅದೇ ಕಾಲದಲ್ಲಿ ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿದ್ದವನು ಲಿನಿಯಸ್ ಟ್ರೈಪ್. ಆ ಕೆಲಸಕ್ಕೆ ಬರುವ ಮುಂಚೆ, 1854ರಲ್ಲಿ, ಅವನು ಹಳೇಬೀಡು ಬೇಲೂರುಗಳ ಗುಡಿಗಳನ್ನು ಚಿತ್ರಿಸಿದ್ದ; ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವನ್ನು ತೋರಿಸಿದ. ನಮ್ಮ ಹೊಯ್ಸಳ ಶಿಲ್ಪದ ತೀರಾ ಹಳೆಯ ಛಾಯಾಚಿತ್ರಗಳಲ್ಲಿ ಅವೂ ಸೇರಿವೆ. ಮೇಣ ಹಚ್ಚಿದ ಕಾಗದವೇ ಅವನ ನೆಗೆಟಿವ್. ಗಾಜಿನ ಮೇಲೆ ರಸಾಯನ ಬಳಿದು, ಅದು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯುವ ವಿಧಾನವೂ ಆಗ ಬಂದಿತ್ತು. ಆದರೆ ಬಿಸಿಲ ನಾಡಿನಲ್ಲಿ ಊರೂರು ಸುತ್ತುವವನಿಗೆ ಅದು ದೊಡ್ಡ ತಲೆನೋವು. ಮೇಣದ ಕಾಗದವನ್ನಾದರೆ ಮೊದಲೇ ಸಿದ್ಧಮಾಡಿ ಇಟ್ಟುಕೊಳ್ಳಬಹುದಿತ್ತು. ಆ ಕಾಗದದಲ್ಲಿ ಆಕಾಶ ಬರೀ ಬೋಳಾಗಿ ಬೀಳುತ್ತಿತ್ತು, ಹಾಗಾಗಿ ಟ್ರೈಪ್ ನೆಗೆಟಿವ್ ಮೇಲೆ ಕೈಯಿಂದಲೇ ಮೋಡ ತಿದ್ದುತ್ತಿದ್ದ. ಹವೆ, ಬೆಳಕು, ದಾರಿ ಮೂರನ್ನೂ ನೋಡಿ ಸಲಕರಣೆ ಆರಿಸಿಕೊಂಡವನು ಅವನು.

ಇನ್ನೊಬ್ಬರ ಹೆಸರನ್ನು ಹೇಳದೆ ಮುಂದೆ ಹೋಗಲಾರೆ. ಮೈಲಾಪುರದ ಎಂ. ಕೃಷ್ಣನ್ (1912–1996) ನಿಸರ್ಗದ ಬಗ್ಗೆ ಬರೆದವರಲ್ಲಿ ದೊಡ್ಡವರು. ‘ಸ್ಟೇಟ್ಸ್‌ಮನ್’ ಪತ್ರಿಕೆಯ ಅಂಕಣವನ್ನು 1950ರಿಂದ ಸಾಯುವವರೆಗೂ ಬಿಡದೆ ಬರೆದರು. 1940ರ ದಶಕದಲ್ಲಿ ನಮ್ಮ ಬಳ್ಳಾರಿ ಸೀಮೆಯ ಸಂಡೂರು ಸಂಸ್ಥಾನದಲ್ಲಿ ನೌಕರಿಯಲ್ಲಿದ್ದವರು ಕೂಡ. ಕಾಡುಪ್ರಾಣಿಗಳನ್ನು ಕಪ್ಪುಬಿಳುಪಿನಲ್ಲೇ ತೆಗೆಯುತ್ತಿದ್ದರು. ಅವರ ಕ್ಯಾಮೆರಾ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಬೇರೆ ಬೇರೆ ಕಡೆಯ ಭಾಗಗಳನ್ನು ತಾವೇ ಜೋಡಿಸಿಕೊಂಡು ಅದಕ್ಕೆ ‘ಸೂಪರ್ ಪಾಂಡೆರೋಸ’ ಎಂದು ಹೆಸರಿಟ್ಟಿದ್ದರು. ಆನೆಯನ್ನು ಅದರ ಕಾಡಿನ ಸಮೇತ, ನಡೆದುಹೋಗಿ ತೆಗೆಯಬೇಕು ಎಂಬುದು ಅವರಿಗೆ ಖಚಿತವಾಗಿತ್ತು. ಕ್ಯಾಮೆರಾ ಆ ಕೆಲಸಕ್ಕೆ ಒಗ್ಗಬೇಕಿತ್ತು, ಒಗ್ಗಿಸಿಕೊಂಡರು.  

ಈಗ ಸೆನ್ಸರಿನ ಮಾತಿಗೆ ಬರೋಣ. ಫಿಲ್ಮ್ ಇದ್ದ ಜಾಗದಲ್ಲಿ ಕೂತು ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಚಿಪ್ಪು ಅದು. ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ 1975ರಲ್ಲಿ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ ಮೂರೂವರೆ ಕಿಲೋಗೂ ಹೆಚ್ಚು ತೂಗುತ್ತಿತ್ತು. ಹತ್ತು ಸಾವಿರ ಚುಕ್ಕೆಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಈಗ ಎರಡೂವರೆ ಕೋಟಿ ಚುಕ್ಕೆಯ ಚಿತ್ರಗಳನ್ನು ಸೆಕೆಂಡಿಗೆ ಹತ್ತರಂತೆ ಹಿಡಿಯುವುದು ಸಾಮಾನ್ಯ ಕ್ಯಾಮೆರಾಕ್ಕೂ ಸಾಧ್ಯ. ಆದ್ದರಿಂದ ಮೆಗಾಪಿಕ್ಸೆಲ್ ಬಗ್ಗೆ ತಲೆಕೆಡಿಸಿಕೊಳ್ಳುವ ಕಾಲ ಮುಗಿದಿದೆ. ಲೆಕ್ಕ ನೋಡಿ: 8x12 ಇಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕೆಯಂತೆ, 8.6 ಮೆಗಾಪಿಕ್ಸೆಲ್ ಸಾಕು. 12x18 ಇಂಚಿಗೆ 19.4. ಗೋಡೆಗೆ ಹಾಕುವ ದೊಡ್ಡ ಚಿತ್ರವನ್ನು ದೂರ ನಿಂತು ನೋಡುವುದರಿಂದ ಅದಕ್ಕೂ ಇಷ್ಟೇ ನಡೆಯುತ್ತದೆ. 4ಕೆ ಟೀವಿಯ ಪರದೆ ತುಂಬಲು 8.3 ಮೆಗಾಪಿಕ್ಸೆಲ್ಲೇ ಬೇಕಾದದ್ದು.

ಗಮನಿಸಬೇಕಾದದ್ದು ಸೆನ್ಸರಿನ ವಿಸ್ತೀರ್ಣವನ್ನು. ಫುಲ್‌ಫ್ರೇಮ್ ಅಂದರೆ 36x24 ಮಿಲಿಮೀಟರ್, 864 ಚದರ ಮಿಲಿಮೀಟರ್. ಎಪಿಎಸ್‌ಸಿ ಎಂಬ ಮಧ್ಯಮ ಅಳತೆ ಸುಮಾರು 23.5x15.6, ಅಂದರೆ 366ರಷ್ಟು. ಒಳ್ಳೆಯ ಮೊಬೈಲಿನ ಮುಖ್ಯ ಕ್ಯಾಮೆರಾದ ಸೆನ್ಸರು ಎಪ್ಪತ್ತರ ಆಸುಪಾಸು, ಸಾಧಾರಣ ಮೊಬೈಲಿನದು ಮೂವತ್ತು. ಹೆಚ್ಚು ಜಾಗ, ಹೆಚ್ಚು ಬೆಳಕು, ಮಬ್ಬಿನಲ್ಲಿ ಕಡಿಮೆ ಕಾಳುಕಾಳು. ಈ ಕೊರತೆಯನ್ನು ಮೊಬೈಲು ಲೆಕ್ಕಾಚಾರದಿಂದ ತುಂಬಿಕೊಳ್ಳುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಹಲವು ಚಿತ್ರ ತೆಗೆದು, ಪೇರಿಸಿ, ಒಂದು ಮಾಡಿಕೊಡುತ್ತದೆ. ಹುಟ್ಟುಹಬ್ಬ, ಪ್ರವಾಸ, ಹೋಟೆಲಿನ ದೋಸೆ, ಬ್ಯಾಂಕಿನ ಕಾಗದ, ಇವಕ್ಕೆಲ್ಲ ಮೊಬೈಲೇ ಸರಿ. ಇಷ್ಟೇ ಬೇಕಾದವರು ಕ್ಯಾಮೆರಾಕ್ಕೆ ದುಡ್ಡು ಹಾಕುವುದು ಬೇಡ ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಮೊಬೈಲು ಸೋಲುವುದು ದೂರದ ವಸ್ತುವಿನಲ್ಲಿ, ಮಬ್ಬು ಬೆಳಕಿನ ಚಲನೆಯಲ್ಲಿ, ಮತ್ತೆ ಮರೀನಾದ ಬಿಸಿಲಿನಲ್ಲಿ. ಹತ್ತು ಗಂಟೆಯ ಮೇಲೆ ಕಡಲದಂಡೆಯಲ್ಲಿ ನಿಂತರೆ ಯಾವ ಪರದೆಯೂ ಕಣ್ಣಿಗೆ ಕಾಣದು. ಹಾಗಾಗಿ ಚೆನ್ನೈಯಲ್ಲಿ ಕೊಳ್ಳುವ ಕ್ಯಾಮೆರಾಕ್ಕೆ ಕಣ್ಣು ಒತ್ತಿ ನೋಡುವ ವ್ಯೂಫೈಂಡರ್ ಇರಲೇಬೇಕು. ವಿಡಿಯೊ ಮಾಡುವವರಿಗೆಂದೇ ಬಂದ ನಿಕಾನ್ ಝಡ್30, ಸೋನಿ ಝಡ್‌ವಿ-ಇ10 ಥರದ ಮಾದರಿಗಳಲ್ಲಿ ಅದು ಇಲ್ಲ.

ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರೋ ಅದಿಲ್ಲದ ಮಿರರ್‌ಲೆಸ್ಸೋ ಎಂಬ ಜಗಳ ಮುಗಿದ ಹಾಗೆಯೇ. ಕ್ಯಾನನ್, ನಿಕಾನ್ ಎರಡೂ 2018ರಲ್ಲಿ ಫುಲ್‌ಫ್ರೇಮ್ ಮಿರರ್‌ಲೆಸ್ ತಂದವು. ಅಲ್ಲಿಂದ ಮುಂದೆ ಹೊಸ ಲೆನ್ಸು, ಹೊಸ ಬಾಡಿ ಎಲ್ಲ ಆ ಕಡೆಗೇ. ಹೊಸದನ್ನೇ ಕೊಳ್ಳುವವರು ಎಪಿಎಸ್‌ಸಿ ಸೆನ್ಸರಿನ ಮಿರರ್‌ಲೆಸ್ ಕೊಳ್ಳಲಿ. ಕಣ್ಣನ್ನು ಹುಡುಕಿ ಫೋಕಸ್ ಹಿಡಿಯುವ ಅದರ ಜಾಣ್ಮೆ ಓಡಾಡುವ ಮಕ್ಕಳ ಚಿತ್ರಕ್ಕೆ ನಿಜವಾಗಿಯೂ ದೊಡ್ಡ ಸಹಾಯ. ಕೈಯಲ್ಲಿ ಕಾಸು ಕಡಿಮೆಯಿದ್ದು ಕಲಿಯುವ ಆಸೆ ಹೆಚ್ಚಿದ್ದವರಿಗೆ ಮಾತ್ರ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್‌ಗಿಂತ ಒಳ್ಳೆಯದಿಲ್ಲ. ಜನ ಮಿರರ್‌ಲೆಸ್ಸಿಗೆ ಹೋಗುತ್ತ ಹಳೆಯದನ್ನು ಅರ್ಧಕ್ಕೂ ಕಡಿಮೆ ಬೆಲೆಗೆ ಬಿಡುತ್ತಿದ್ದಾರೆ. ಬ್ಯಾಟರಿಯೂ ಬಾಳಿಕೆ ಬರುತ್ತದೆ: ಮಿರರ್‌ಲೆಸ್ಸಿನ ಒಂದು ಚಾರ್ಜಿಗೆ ಮುನ್ನೂರೋ ನಾನೂರೋ ಚಿತ್ರವಾದರೆ ಡಿಎಸ್‌ಎಲ್‌ಆರ್ ಸಾವಿರ ದಾಟುತ್ತದೆ. ನಿಕಾನ್ ಕಡೆಗೆ ಹೋಗುವವರಿಗೆ ಒಂದು ಎಚ್ಚರಿಕೆ. ಹಳೆಯ ಎಎಫ್‌ಡಿ ಲೆನ್ಸುಗಳೊಳಗೆ ಮೋಟಾರಿಲ್ಲ. ಡಿ3000, ಡಿ5000 ಸರಣಿಯ ಬಾಡಿಗಳಲ್ಲೂ ಇಲ್ಲ. ಎರಡೂ ಸೇರಿದರೆ ಕೈಯಿಂದಲೇ ಫೋಕಸ್ ತಿರುಗಿಸಬೇಕು.

ಕ್ಯಾಮೆರಾದ ಜೊತೆ ಬರುವ 18–55 ಕಿಟ್ ಲೆನ್ಸನ್ನು ಹಗುರವಾಗಿ ಕಾಣಬೇಡಿ. ಹಗಲಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕತ್ತಲಾದರೆ ಕೈಕೊಡುತ್ತದೆ. 55 ಮಿಲಿಮೀಟರಿಗೆ ಚಾಚಿದಾಗ ಅದರ ಕಿಂಡಿ ತೆರೆಯುವುದು ಎಫ್ 5.6ರವರೆಗೆ ಮಾತ್ರ; ಈ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕಡಿಮೆ ಬೆಲೆಗೆ ಸಿಗುವ 50 ಮಿಲಿಮೀಟರ್ ಎಫ್ 1.8 ಲೆನ್ಸು ಅದಕ್ಕಿಂತ ಒಂಬತ್ತೂವರೆ ಪಟ್ಟು ಬೆಳಕು ಒಳಗೆ ಬಿಡುತ್ತದೆ. ಮೂರು ವರ್ಷಕ್ಕೊಮ್ಮೆ ಬಾಡಿ ಬದಲಿಸುವವರು ಆ ದುಡ್ಡನ್ನು ಲೆನ್ಸಿಗೆ ಹಾಕಿದ್ದರೆ ಅವರ ಚಿತ್ರಗಳ ಮುಖವೇ ಬೇರೆಯಾಗಿರುತ್ತಿತ್ತು.

ಲೆನ್ಸಿನ ಬೆಲೆ ತಿಳಿಯಲು ಮಾರ್ಗಳಿ ತಿಂಗಳ ಸಂಗೀತ ಸಭೆಗಳನ್ನು ನೆನೆಯಿರಿ. ಡಿಸೆಂಬರ್ ಮಧ್ಯದಿಂದ ಜನವರಿಯವರೆಗೆ ಊರೆಲ್ಲ ಕಚೇರಿ. ಪುರಂದರದಾಸರ ದೇವರನಾಮ ಬರುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಕೂತ ಕನ್ನಡಿಗರ ಬೆನ್ನು ನೆಟ್ಟಗಾಗುತ್ತದೆ. ಅಲ್ಲಿ ಚಿತ್ರ ತೆಗೆಯಲು ಮೊದಲು ಸಭೆಯವರ ಒಪ್ಪಿಗೆ ಬೇಕು. ಫ್ಲಾಶ್ ಹಾಕುವ ಮಾತೇ ಇಲ್ಲ. ಮೃದಂಗದ ಮೇಲಿನ ಬೆರಳು ಮಸುಕಾಗದಿರಬೇಕಾದರೆ ಶಟರ್ 1/250 ಸೆಕೆಂಡಾದರೂ ಇರಬೇಕು. ವೇದಿಕೆಯ ಬೆಳಕಿನಲ್ಲಿ ಎಫ್ 2.8 ಲೆನ್ಸಿಗೆ ಸೆನ್ಸರಿನ ಸಂವೇದನೆಯ ಅಳತೆಯಾದ ಐಎಸ್‌ಓ 3200 ಸಾಕಾಗುವ ಕಡೆ, ಎಫ್ 5.6ರ ಲೆನ್ಸು 12800 ಕೇಳುತ್ತದೆ. ಆಗ ಗಾಯಕಿಯ ಮುಖದ ತುಂಬ ಮರಳು ಚೆಲ್ಲಿದಂತಾಗುತ್ತದೆ. ಪಕ್ಕದವರಿಗೆ ತೊಂದರೆಯಾಗದಿರಲೆಂದು ಮಿರರ್‌ಲೆಸ್ಸಿನ ಸದ್ದಿಲ್ಲದ ಶಟರ್ ಹಾಕಿದರೆ ಇನ್ನೊಂದು ತೊಡಕು ಎದುರಾಗುತ್ತದೆ: ಚಿತ್ರದ ಮೇಲೆ ಅಡ್ಡಡ್ಡ ಪಟ್ಟೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಟ್ಯೂಬ್‌ಲೈಟು, ಸಾಧಾರಣ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ಕಣ್ಣಿಗೆ ಅದು ತಿಳಿಯದು. ಸೆನ್ಸರು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವಾಗ ಆ ಮಿನುಗು ಪಟ್ಟೆಯಾಗಿ ಉಳಿಯುತ್ತದೆ. ಶಟರನ್ನು 1/100ಕ್ಕೋ 1/50ಕ್ಕೋ ಇಟ್ಟರೆ ಪಟ್ಟೆ ಹೋಗುತ್ತದೆ, ಆದರೆ ಬೆರಳು ಮಸುಕಾಗುತ್ತದೆ. ಹೀಗಾಗಿ ಹಾಡುವವರ ಮುಖಕ್ಕೆ ಸದ್ದಿಲ್ಲದ ಶಟರ್, ಮೃದಂಗದ ತನಿ ಆವರ್ತನದ ಸದ್ದಿನ ನಡುವೆ ಮಾಮೂಲಿ ಶಟರ್ ಎಂದು ಹಂಚಿಕೊಳ್ಳುವುದು ಒಳ್ಳೆಯದು. ವಿಡಿಯೊ ತೆಗೆಯುವವರು ಮೆನುವಿನಲ್ಲಿ ಎನ್‌ಟಿಎಸ್‌ಸಿ ಇದ್ದರೆ ಪಾಲ್‌ಗೆ ಬದಲಿಸಿ, ಸೆಕೆಂಡಿಗೆ 25 ಚೌಕಟ್ಟು, 1/50 ಶಟರ್ ಇಡಲಿ. ಕನ್ನಡ ಸಂಘದ ರಾಜ್ಯೋತ್ಸವದ ವಿಡಿಯೊಗಳಲ್ಲಿ ದೀಪ ಬಡಿದುಕೊಳ್ಳುವುದನ್ನು ನೋಡಿದಾಗಲೆಲ್ಲ ನನಗೆ ಈ ಒಂದು ಮೆನು ನೆನಪಾಗುತ್ತದೆ.

ಮೈಲಾಪುರದ ಮಾಡ ಬೀದಿಗಳಲ್ಲಿ ಪಂಗುನಿ ಉತ್ಸವದ ಅರವತ್ತುಮೂವರ ಮೆರವಣಿಗೆ ಹೊರಟಾಗ ಬೇಕಾಗುವುದು ಇದಕ್ಕೆ ತೀರಾ ಬೇರೆ. ಅಲ್ಲಿ ಹಿಂದೆ ಸರಿಯಲು ಜಾಗವಿಲ್ಲ. ಎಪಿಎಸ್‌ಸಿಯಲ್ಲಿ 10ರಿಂದ 18 ಮಿಲಿಮೀಟರಿನ ವೈಡ್ ಲೆನ್ಸು ಇದ್ದರೆ ಪಲ್ಲಕ್ಕಿ, ಗೋಪುರ, ಜನ ಒಂದೇ ಚೌಕಟ್ಟಿಗೆ ಬರುತ್ತಾರೆ. ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದಷ್ಟೂ ಗೋಪುರ ಹಿಂದಕ್ಕೆ ವಾಲಿದಂತೆ ಕಾಣುವುದರಿಂದ ಯಾರದಾದರೂ ಮನೆಯ ಮೊದಲ ಮಹಡಿ ಸಿಕ್ಕರೆ ಬಿಡಬೇಡಿ, ಕೇಳಿಕೊಂಡು ಹತ್ತಿ. ಜನಜಂಗುಳಿಯಲ್ಲಿ ಲೆನ್ಸು ಬದಲಿಸುವ ಸಾಹಸ ಬೇಡ.

ಬಣ್ಣದ ವಿಷಯ ಮದುವೆಮನೆಗೆ ಸೇರಿದ್ದು. ಕಾಂಚೀಪುರದ ಅರಗು ಕೆಂಪಿನ (ಅರಕ್ಕು) ಸೀರೆ ಡಿಜಿಟಲ್ ಸೆನ್ಸರಿಗೆ ಕಷ್ಟದ ವಸ್ತು. ಕೆಂಪಿನ ವಾಹಿನಿಯೊಂದೇ ಮೊದಲು ತುಂಬಿ ತುಳುಕುತ್ತದೆ. ಒಟ್ಟು ಬೆಳಕು ಸರಿಯಿದೆ ಎಂದು ಕ್ಯಾಮೆರಾ ಹೇಳುತ್ತಿರುವಾಗಲೇ ರೇಷ್ಮೆಯ ನೇಯ್ಗೆ, ಮಡಿಕೆ ಎಲ್ಲ ಅಳಿಸಿ ಬರೀ ಕೆಂಪು ಮುದ್ದೆ ಉಳಿಯುತ್ತದೆ. ಮೂರು ಬಣ್ಣವನ್ನೂ ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ ತೆರೆದಿಟ್ಟುಕೊಂಡು, ಎಕ್ಸ್‌ಪೋಷರನ್ನು ಮೂರನೇ ಎರಡು ಸ್ಟಾಪಿನಷ್ಟು (ಒಂದು ಸ್ಟಾಪ್ ತಗ್ಗಿದರೆ ಬೆಳಕು ಅರ್ಧ) ತಗ್ಗಿಸಿ, ರಾ ಕಡತದಲ್ಲಿ ತೆಗೆಯಿರಿ. ಜೆಪೆಗ್ ಒಂದೊಂದು ಬಣ್ಣಕ್ಕೆ 256 ಮಟ್ಟ ಇಟ್ಟರೆ 14 ಬಿಟ್ಟಿನ ರಾ 16384 ಇಡುತ್ತದೆ, ಆಮೇಲೆ ತಿದ್ದಲು ಎಡೆ ಸಿಗುತ್ತದೆ. ಕ್ಯಾಮೆರಾದ ಮೀಟರು ಎದುರಿಗಿರುವುದೆಲ್ಲ ನಡುಬೂದು ಬಣ್ಣವೆಂದೇ ಎಣಿಸುತ್ತದೆ ಎಂಬುದನ್ನು ಮರೆಯಬಾರದು. ಬಿಳಿ ಪಂಚೆ, ಬಿಳಿ ಅಂಗಿಯ ಬಂಧುಗಳ ಸಾಲನ್ನು ತೆಗೆದರೆ ಅದು ಬೆಳಕನ್ನು ತಗ್ಗಿಸಿ ಎಲ್ಲರ ಮುಖವನ್ನೂ ಕಪ್ಪಾಗಿಸುತ್ತದೆ. ಅಲ್ಲಿ ಒಂದು ಸ್ಟಾಪ್ ಏರಿಸಬೇಕು. ಕರಿಕಲ್ಲಿನ ಮಂಟಪದ ಮುಂದೆ ಅದೇ ಮೀಟರು ಕಲ್ಲನ್ನು ಬೂದಿಯಂತೆ ಬೆಳಗಿಸುತ್ತದೆ, ಅಲ್ಲಿ ಇಳಿಸಬೇಕು. ನಮ್ಮ ಜನರ ಮೈಬಣ್ಣವನ್ನು ಇದ್ದಂತೆ ತೋರಿಸುವುದು ಛಾಯಾಗ್ರಾಹಕನ ಕರ್ತವ್ಯ ಎಂದು ನಾನು ನಂಬಿದ್ದೇನೆ. ಮೊಬೈಲುಗಳು ತಾವಾಗಿಯೇ ಬಿಳಿಚಿಸಿ, ನಯಗೊಳಿಸಿ ಕೊಡುವ ಮುಖಗಳು ಯಾರವೂ ಅಲ್ಲ.

ಹಗಲ ಬೆಳಕಿನ ಬಗ್ಗೆ ಮಂಗಳೂರು, ಉಡುಪಿ ಕಡೆಯಿಂದ ಬಂದವರು ಹೊಸದಾಗಿ ಕಲಿಯಬೇಕಾಗುತ್ತದೆ. ಅಲ್ಲಿ ಕಡಲಿಗೆ ಸೂರ್ಯ ಇಳಿಯುತ್ತಾನೆ, ಇಲ್ಲಿ ಕಡಲಿಂದ ಏಳುತ್ತಾನೆ. ಕಾಸಿಮೇಡಿನ ಮೀನು ಬಂದರು, ಎಲಿಯಟ್ಸ್ ಬೀಚು, ಮಾಮಲ್ಲಪುರದ ದಡದ ಗುಡಿ, ಎಲ್ಲದರ ಹೊತ್ತು ಬೆಳಿಗ್ಗೆಯದೇ. ಎಂಟು ಗಂಟೆಯಾದರೆ ಮುಗಿಯಿತು. 13 ಡಿಗ್ರಿ ಅಕ್ಷಾಂಶದ ಈ ಊರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ನಡುಹಗಲ ಸೂರ್ಯ ನೆತ್ತಿಯ ಮೇಲೆ ನೇರಕ್ಕೆ ಬರುತ್ತಾನೆ. ಬೆಂಗಳೂರಿನಲ್ಲಿ ಶಾಲೆಯ ಮಕ್ಕಳಿಗೆ ತೋರಿಸುವ ಶೂನ್ಯ ನೆರಳಿನ ದಿನವೂ ಇದೇ ಹೊತ್ತಿನದು. ಆ ಬೆಳಕಿನಲ್ಲಿ ಕಣ್ಣಿನ ಗುಳಿಗಳು ಕಪ್ಪಾಗಿ ಬೀಳುತ್ತವೆ. ಚಾವಣಿಯ ಕೆಳಗೋ ಬೇವಿನ ನೆರಳಿಗೋ ಜನರನ್ನು ಕರೆದು ನಿಲ್ಲಿಸುವುದೇ ಉಪಾಯ. ಮಾಮಲ್ಲಪುರದಂಥ ಪುರಾತತ್ತ್ವ ಇಲಾಖೆಯ ತಾಣಗಳಲ್ಲಿ ಟ್ರೈಪಾಡಿಗೆ ಮುಂಚೆಯೇ ಅನುಮತಿ ಪಡೆಯಬೇಕು, ಹಾಗಾಗಿ ಅಲುಗಾಟ ತಡೆಯುವ ಲೆನ್ಸೋ ಬಾಡಿಯೋ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಕಾಸಿಮೇಡಿನಲ್ಲಿ ಮೀನು ಹರಾಜು ಕೂಗುವ ಹೆಂಗಸರ ಮುಖಕ್ಕೆ ಲೆನ್ಸು ಹಿಡಿಯುವ ಮೊದಲು “ಅಕ್ಕಾ, ಒರು ಫೋಟೊ ಎಡುಕ್ಕಲಾಮಾ?” ಎಂದು ಕೇಳುವಷ್ಟು ತಮಿಳು ಎಲ್ಲರಿಗೂ ಬರುತ್ತದೆ. ಬೇಡ ಅಂದರೆ ಬೇಡ.

ಹಕ್ಕಿಗಳ ಕಡೆಗೆ ಒಲವಿದ್ದವರಿಗೆ ಚೆನ್ನೈ ಧಾರಾಳವಾಗಿ ಕೊಡುತ್ತದೆ. ಊರೊಳಗೇ ಪಳ್ಳಿಕರಣೈ ಜೌಗುಭೂಮಿ, ಬಡಗಣಕ್ಕೆ ರಾಜಹಂಸಗಳ ಪುಲಿಕಾಟ್ ಸರೋವರ, ತೆಂಕಣಕ್ಕೆ ವೇಡಂತಾಂಗಲ್. ಪಳ್ಳಿಕರಣೈ, ವೇಡಂತಾಂಗಲ್ ಎರಡಕ್ಕೂ 2022ರಲ್ಲಿ ರಾಮ್ಸಾರ್ ಮನ್ನಣೆ ಸಿಕ್ಕಿತು. ಇಲ್ಲಿ 400 ಮಿಲಿಮೀಟರಿಗಿಂತ ಕಡಿಮೆಯ ಲೆನ್ಸು ಸಾಲದು, ಕಿಸೆಯೂ ಅದಕ್ಕೆ ತಕ್ಕಂತೆ ಇರಬೇಕು. ಎಪಿಎಸ್‌ಸಿಯ ಅನುಕೂಲ ಇಲ್ಲಿದೆ, 400ರ ಲೆನ್ಸು ಅದರಲ್ಲಿ 600ರ ಹಾಗೆ ಕಾಣುತ್ತದೆ. ಲಕ್ಷ ಕೊಟ್ಟ ಲೆನ್ಸಿನಲ್ಲೂ ಹಕ್ಕಿ ಮಸುಕಾಗಿ ಬಂತೆಂದು ಕೆಲವರು ಬೇಸರಪಡುತ್ತಾರೆ. ಒಂಬತ್ತು ಗಂಟೆಯ ಮೇಲೆ ಕಾದ ಕೆಸರು, ನೀರಿನಿಂದ ಏಳುವ ಬಿಸಿಗಾಳಿ ಹಕ್ಕಿಗೂ ಲೆನ್ಸಿಗೂ ನಡುವೆ ಅಲೆಯಾಡುತ್ತಿರುತ್ತದೆ. ಅದಕ್ಕೆ ಲೆನ್ಸಿನಲ್ಲಿ ಮದ್ದಿಲ್ಲ. ಬೇಗ ಹೋಗಬೇಕು, ಇಲ್ಲವೇ ಹತ್ತಿರದ ಹಕ್ಕಿಯನ್ನಷ್ಟೇ ತೆಗೆಯಬೇಕು. ಗೂಡಿನ ಮೇಲೆ ಕೂತ ಹಕ್ಕಿಯ ಹತ್ತಿರ ಹೋಗಲೇಬಾರದು.

ಎಲ್ಲಿ ಕೊಳ್ಳುವುದು? ಒಂದು ಕಾಲಕ್ಕೆ ಮದರಾಸಿನಲ್ಲಿ ವಿದೇಶಿ ಕ್ಯಾಮೆರಾ ಎಂದರೆ ಬೀಚ್ ಸ್ಟೇಷನ್ ಹತ್ತಿರದ ಬರ್ಮಾ ಬಜಾರ್. ಬರ್ಮಾದಿಂದ ಮರಳಿದ ಕುಟುಂಬಗಳ ಬದುಕಿಗೆಂದು 1960ರ ದಶಕದ ಕೊನೆಗೆ ಹುಟ್ಟಿದ ಅಂಗಡಿಸಾಲು ಅದು. ಈಗ ಜನ ಹೋಗುವುದು ಅಣ್ಣಾ ಸಾಲೈ ಪಕ್ಕದ ರಿಚ್ಚಿ ಸ್ಟ್ರೀಟಿಗೆ, ಕಂಪನಿಗಳ ಸ್ವಂತ ಮಳಿಗೆಗೆ, ಇಲ್ಲವೇ ಆನ್‌ಲೈನಿಗೆ. ಕಾರ್ಡು, ಕೇಬಲ್ಲು, ಟ್ರೈಪಾಡು, ರಿಪೇರಿಗೆ ರಿಚ್ಚಿ ಸ್ಟ್ರೀಟು ಸರಿ. ಹೊಸ ಕ್ಯಾಮೆರಾವನ್ನು ಮಾತ್ರ ಜಿಎಸ್‌ಟಿ ಬಿಲ್ಲು ಕೊಡುವ ಅಧಿಕೃತ ಮಾರಾಟಗಾರರಲ್ಲೇ ಕೊಳ್ಳಿ. ಡಿಜಿಟಲ್ ಕ್ಯಾಮೆರಾದ ಮೇಲಿನ ಜಿಎಸ್‌ಟಿ 2019ರ ಜನವರಿಯಲ್ಲಿ 28ರಿಂದ 18 ಶೇಕಡಕ್ಕೆ ಇಳಿಯಿತು, ಬಿಲ್ಲಿಲ್ಲದೆ ಉಳಿಸುವ ಲಾಭ ಅಷ್ಟರಮಟ್ಟಿಗೆ ಕಡಿಮೆಯಾಯಿತು. “ಬಿಲ್ಲಿಲ್ಲದೆ ಆದ್ರೆ ರೇಟು ಬೇರೆ, ಸಾರ್” ಎಂಬ ಮಾತು ಕೇಳಿಬಂದ ಅಂಗಡಿಯಿಂದ ಎದ್ದು ಬರುವುದು ಕ್ಷೇಮ. ಸೀರಿಯಲ್ ನಂಬರು ಬಾಡಿ, ಡಬ್ಬಿ, ಬಿಲ್ಲು ಮೂರರಲ್ಲೂ ಒಂದೇ ಇರಬೇಕು. ಅಮೆರಿಕದಲ್ಲಿರುವ ಮಗ, ದುಬೈಯಲ್ಲಿರುವ ಭಾವ ತರುವ ಕ್ಯಾಮೆರಾ ಅಗ್ಗವೇನೋ ಹೌದು, ಅದರ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲೆನ್ಸನ್ನು ಬಿಚ್ಚಿ ಒಂದು ಬದಿಯಿಂದ ಮೊಬೈಲಿನ ಟಾರ್ಚು ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಜೇಡನ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಎಷ್ಟೇ ಅಗ್ಗವಾದರೂ ಬೇಡ. ಬಾಡಿಯ ಮೇಲೆ ಲೆನ್ಸು ಹಾಕಿ, ಕಿಂಡಿಯನ್ನು ಎಫ್ 16ಕ್ಕೆ ಮುಚ್ಚಿ ಆಕಾಶದ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಕೊಳೆ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಶಟರು ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕ ಕೇಳಿ. ಆರಂಭದ ಮಾದರಿಗಳ ಶಟರು ಒಂದು ಲಕ್ಷ, ವೃತ್ತಿಪರರದು ಎರಡು ಲಕ್ಷ ಅಥವಾ ಹೆಚ್ಚು ಬಾಳುವಂತೆ ಮಾಡಿರುತ್ತಾರೆ. ಮೆಮೊರಿ ಕಾರ್ಡಿನಲ್ಲಿ ನಕಲಿ ಬಹಳ. 128 ಜಿಬಿ ಎಂದು ಅಚ್ಚಾದ ಕಾರ್ಡಿನೊಳಗೆ ನಿಜವಾಗಿ ಎಂಟೋ ಹದಿನಾರೋ ಇರಬಹುದು. ಅದು ತುಂಬಿದ ಮೇಲೆ ಬರೆದದ್ದೆಲ್ಲ ಮಾಯ. ಕೊಂಡ ದಿನವೇ ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿಸಿ ನೋಡಿ. 4ಕೆ ವಿಡಿಯೊ ತೆಗೆಯುವವರಿಗೆ ಕನಿಷ್ಠ ವಿ30 ಗುರುತಿನದು ಬೇಕು, ಸೆಕೆಂಡಿಗೆ 30 ಎಂಬಿ ಬರೆಯುವ ಭರವಸೆ ಅದು.

ಇನ್ನು ಗಾಳಿಯ ವಿಷಯ. ಈ ಊರಿನಲ್ಲಿ ಕ್ಯಾಮೆರಾಗಳು ಬಿದ್ದು ಒಡೆಯುವುದಕ್ಕಿಂತ ಹೆಚ್ಚಾಗಿ ಬೀರುವಿನೊಳಗೇ ಹಾಳಾಗುತ್ತವೆ. ಗಾಳಿಯ ತೇವ ಅರವತ್ತು-ಅರವತ್ತೈದು ಶೇಕಡ ದಾಟಿದ ಕಡೆ, ಕತ್ತಲಲ್ಲಿ, ಗಾಳಿಯಾಡದ ಎಡೆಯಲ್ಲಿ ಫಂಗಸ್ ಬೆಳೆಯುತ್ತದೆ. ಚೆನ್ನೈಯಲ್ಲಿ ವರ್ಷದ ಬಹುಪಾಲು ಆ ಮಟ್ಟದ ಮೇಲೇ. ಗಾಜಿನ ಮೇಲಿನ ಧೂಳು, ಬೆರಳಿನ ಜಿಡ್ಡು ಅದಕ್ಕೆ ಆಹಾರ. ಅದು ಬಿಡುವ ಆಮ್ಲ ಲೆನ್ಸಿನ ಲೇಪವನ್ನು ಕೊರೆದ ಮೇಲೆ ತೊಳೆದರೂ ಗುರುತು ಹೋಗದು. ಕ್ಯಾಮೆರಾ ಜೊತೆ ಕೊಡುವ ಬ್ಯಾಗು, ಚರ್ಮದ ಚೀಲ ಎರಡೂ ತೇವ ಹೀರಿ ಹಿಡಿದಿಡುತ್ತವೆ, ಅವು ಹೊರಗೆ ಒಯ್ಯಲು ಮಾತ್ರ. ಎರಡು ಮೂರು ಲೆನ್ಸು ಇರುವವರು ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಂಡು ತೇವವನ್ನು 40ರಿಂದ 50ರಲ್ಲಿ ಇಡಲಿ. ಒಂದೇ ಕ್ಯಾಮೆರಾ ಇರುವವರಿಗೆ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರು ಸಾಕು. ಅಮ್ಮಂದಿರು ಹಪ್ಪಳ ಸಂಡಿಗೆಯ ಡಬ್ಬಿಯನ್ನು ಹೇಗೆ ಬಿಗಿದಿಡುತ್ತಾರೋ ಹಾಗೆಯೇ ಇದನ್ನೂ ಇಡಬೇಕು. ಜೆಲ್ಲಿನ ಬಣ್ಣ ಬದಲಾದರೆ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಬಹುದು. ಅಕ್ಕಿ ಹಾಕುವುದು ಬೇಡ, ಅದರ ಹುಡಿ ಒಳಗೆ ಸೇರುತ್ತದೆ. ಎಲ್ಲಕ್ಕಿಂತ ಒಳ್ಳೆಯ ಔಷಧಿ ಬಳಕೆ. ವಾರಕ್ಕೊಮ್ಮೆ ಹೊರಗೆ ಬಂದು ಬೆಳಕು ಕಾಣುವ ಲೆನ್ಸಿಗೆ ಫಂಗಸ್ ಅಷ್ಟು ಸುಲಭದಲ್ಲಿ ಹತ್ತದು.

ಎಸಿಯಿಂದ ಹೊರಬಂದ ಕೂಡಲೇ ಲೆನ್ಸು ಮಂಜಾಗುವುದು ಇಲ್ಲಿನ ನಿತ್ಯದ ಅನುಭವ. ಹೊರಗಿನ ಗಾಳಿ 25 ಡಿಗ್ರಿಗೆ ತಣಿದರೆ ಸಾಕು, ನೀರು ಬಿಡುವಷ್ಟು ತೇವ ಅದರಲ್ಲಿರುತ್ತದೆ. 22ರ ಕೋಣೆಯಲ್ಲಿದ್ದ ಗಾಜು ಅದಕ್ಕಿಂತ ತಣ್ಣಗಿರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಬ್ಯಾಗಿನ ಜಿಪ್ಪು ಹಾಕಿಯೇ ಇಪ್ಪತ್ತು-ಮೂವತ್ತು ನಿಮಿಷ ಹೊರಗಿಟ್ಟು ಆಮೇಲೆ ತೆರೆಯಬೇಕು. ಕಡಲದಂಡೆಗೆ ಹೋಗುವಾಗ ಲೆನ್ಸಿನ ಮುಂದೆ ಒಂದು ಯುವಿ ಫಿಲ್ಟರ್ ಇರಲಿ. ಮನೆಗೆ ಬಂದ ಮೇಲೆ ನೀರಲ್ಲಿ ನೆನೆಸಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಬಾಡಿಯನ್ನು ಒರೆಸಿ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಒಣಬಟ್ಟೆ ಮೊದಲು ಹಾಕಿದರೆ ಉಪ್ಪಿನ ಹರಳೇ ಗೀರುತ್ತದೆ. ಹೆಚ್ಚಿನ ಕ್ಯಾಮೆರಾಗಳು ಕೆಲಸ ಮಾಡುವ ಮಿತಿ 40 ಡಿಗ್ರಿ ಎಂದು ಕೈಪಿಡಿಯಲ್ಲೇ ಬರೆದಿರುತ್ತದೆ, ಮೇ ತಿಂಗಳ ಅಗ್ನಿನಕ್ಷತ್ರದಲ್ಲಿ ಚೆನ್ನೈ ಅದನ್ನು ದಾಟುತ್ತದೆ. ಆಗ ಪುಟ್ಟ ಬಾಡಿಯಲ್ಲಿ ಉದ್ದದ 4ಕೆ ವಿಡಿಯೊ ತೆಗೆದರೆ ನಡುವೆಯೇ ನಿಂತುಬಿಡಬಹುದು. ನಿಲ್ಲಿಸಿದ ಕಾರಿನೊಳಗಂತೂ ಕ್ಯಾಮೆರಾ ಬಿಡಲೇಬಾರದು.

ಬಳಕೆ ಕಲಿಯಲು ಒಬ್ಬರೇ ಕೂತು ವಿಡಿಯೊ ನೋಡುವುದಕ್ಕಿಂತ ನಾಲ್ಕು ಜನರ ಜೊತೆ ಹೊರಗೆ ಹೋಗುವುದು ಮೇಲು. ಮೊದಲು ಹೇಳಿದ ಫೋಟೊಗ್ರಾಫಿಕ್ ಸೊಸೈಟಿ ಆಫ್ ಮದ್ರಾಸ್ ಇಲ್ಲಿದ್ದರೆ, ಬೆಂಗಳೂರಿನಲ್ಲಿ 1971ರಿಂದ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇದೆ. 2016ರಲ್ಲಿ ಶುರುವಾದ ಚೆನ್ನೈ ಫೋಟೊ ಬಿಯೆನಾಲೆ ಸಾರ್ವಜನಿಕ ಸ್ಥಳಗಳಲ್ಲೇ ಚಿತ್ರ ತೂಗುಹಾಕಿ, ಛಾಯಾಚಿತ್ರವನ್ನು ಗ್ಯಾಲರಿಯ ಹೊಸಿಲು ದಾಟಿಸಿ ಬೀದಿಗೆ ತಂದಿತು. ಒಳ್ಳೆಯ ಚಿತ್ರದ ದೊಡ್ಡ ಪ್ರಿಂಟಿನ ಮುಂದೆ ಐದು ನಿಮಿಷ ನಿಂತರೆ ಕಣ್ಣು ಕಲಿಯುವುದು ಮೊಬೈಲಿನ ಪರದೆಯಲ್ಲಿ ಐನೂರು ಚಿತ್ರ ಸರಿಸಿದರೂ ಬರುವುದಿಲ್ಲ.

ತೆಗೆದ ಚಿತ್ರಗಳನ್ನು ಕಾಪಾಡುವ ಕೆಲಸವನ್ನು ಎಲ್ಲರೂ ನಾಳೆಗೆ ಬಿಡುತ್ತಾರೆ. 2015ರ ಡಿಸೆಂಬರ್ ಆರಂಭದಲ್ಲಿ ಅಡ್ಯಾರ್ ನದಿ ಉಕ್ಕಿ ನೆಲಮಹಡಿಗಳು ಮುಳುಗಿದಾಗ ಆಲ್ಬಮ್ಮುಗಳ ಜೊತೆ ಹಾರ್ಡ್‌ಡಿಸ್ಕುಗಳೂ ಹೋದವು. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಮತ್ತೆ ಅದೇ ಆಯಿತು. ಪ್ರತಿ ಚಿತ್ರಕ್ಕೂ ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಬೇರೆ ಡ್ರೈವಿನಲ್ಲಿ, ಅದನ್ನು ಅಟ್ಟದ ಮೇಲೆ, ತೇವ ತಗುಲದಂತೆ ಇಡಿ. ಮೂರನೆಯದು ಚೆನ್ನೈಯ ಹೊರಗಿರಬೇಕು. ಕ್ಲೌಡಿಗೆ ತಿಂಗಳ ಬಾಡಿಗೆ ಕಟ್ಟಬಹುದು, ಕಟ್ಟದಿದ್ದರೂ ನಡೆಯುತ್ತದೆ. ಇಲ್ಲಿನ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಂದಾಪುರದಲ್ಲೋ ಅಣ್ಣನ ಮನೆಯೋ ಅಮ್ಮನ ಮನೆಯೋ ಇರುತ್ತದೆ. ಒಂದು ಡ್ರೈವು ಅಲ್ಲಿನ ಬೀರುವಿನಲ್ಲಿರಲಿ. ಕಡತದ ಹೆಸರು ವರ್ಷ, ತಿಂಗಳು, ದಿನ, ಸ್ಥಳ ಎಂಬ ಕ್ರಮದಲ್ಲಿದ್ದರೆ ಇಪ್ಪತ್ತು ವರ್ಷದ ಮೇಲೆ ಮಕ್ಕಳೂ ಹುಡುಕಬಲ್ಲರು. ಪ್ರತಿ ಸಲ ಊರಿಗೆ ಹೋದಾಗ ಆ ಡ್ರೈವು ತೆಗೆದು, ಹಳೆಯ ಕಡತ ನಾಲ್ಕೈದನ್ನು ತೆರೆದು ಸರಿಯಿವೆಯೇ ನೋಡಿ, ಹೊಸದನ್ನು ಸೇರಿಸಿ ಅಲ್ಲೇ ಇಟ್ಟು ಬನ್ನಿ.